ಮುಕ್ತ ತಂತ್ರಾಂಶದ ನಿರ್ಮಾಪಕನ ಜೀವನ: ಲಿನಕ್ಸ್ ಒಂದು ನಿದರ್ಶನ

ಇತಿಹಾಸದ ಆಕರಗಳು ಕಟ್ಟಿಸಿದವರ ವಿಷಯದಲ್ಲಿ ಉದಾರವಾಗಿಯೂ, ಕಟ್ಟಿದ್ದನ್ನು ಕಾಪಾಡಿಕೊಂಡು ಬಂದವರ ವಿಷಯದಲ್ಲಿ ಬಹಳ ಜಿಪುಣವಾಗಿಯೂ ಇವೆ. ದೇವಾಲಯವನ್ನೋ ಸೇತುವೆಯನ್ನೋ ನಿರ್ಮಿಸಿದ ಅರಸನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಅದರ ಬಿರುಕುಗಳನ್ನು ವರ್ಷವರ್ಷವೂ ಮುಚ್ಚಿದ ಕೆಲಸಗಾರನ ಹೆಸರು ದೊರೆಯುವುದು ಅಪೂರ್ವ. ನಮ್ಮ ಕಾಲದ ಒಂದು ಬೃಹನ್ನಿರ್ಮಾಣ ಈ ರೂಢಿಗೆ ಹೊರತಾಗಿದೆ. ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಒಳತಿರುಳಿನಲ್ಲಿ ೨೦೦೫ನೆಯ ಇಸವಿಯ ಏಪ್ರಿಲ್ ತಿಂಗಳಿಂದೀಚೆಗೆ ಆದ ಬದಲಾವಣೆಗಳೆಲ್ಲವೂ, ಮಾಡಿದವರು ಯಾರು, ಒಪ್ಪಿದವರು ಯಾರು, ಯಾವ ದಿನ, ಯಾವ ಕಾರಣಕ್ಕಾಗಿ ಎಂಬ ವಿವರಗಳೊಡನೆ ದಾಖಲೆಯಾಗಿವೆ. ಆ ದಾಖಲೆಯನ್ನು ಯಾರು ಬೇಕಾದರೂ ಓದಬಹುದು. ಇಂತಹ ವ್ಯವಸ್ಥೆಯಲ್ಲಿ ದುಡಿಯುವವನ ಜೀವನ ಎಂತಹುದು, ಅವನ ಆಯುಸ್ಸಿನ ಹೆಚ್ಚಿನ ಭಾಗ ಯಾವ ಕೆಲಸಕ್ಕೆ ಸಲ್ಲುತ್ತದೆ ಎಂಬುದನ್ನು ಲಿನಕ್ಸಿನ ಕರ್ತೃವಾದ ಲಿನಸ್ ಟೋರ್ವಾಲ್ಡ್ಸ್ ಅವರ ನಿದರ್ಶನದಿಂದ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಷಯಪ್ರವೇಶಕ್ಕೆ ಮುನ್ನ ಎರಡು ಪಾರಿಭಾಷಿಕ ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ಕಂಪ್ಯೂಟರಿನ ಪ್ರೊಸೆಸರು, ಮೆಮೊರಿ, ಡಿಸ್ಕು ಮೊದಲಾದ ಯಂತ್ರಭಾಗಗಳಿಗೂ ನಾವು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ನಿಂತು, ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ, ಎಷ್ಟು ಹೊತ್ತು ಪ್ರೊಸೆಸರು ಎಂಬುದನ್ನು ಹಂಚಿಕೊಡುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ಅದರ ಅಂತರಂಗದ ಭಾಗಕ್ಕೆ ಕರ್ನಲ್ ಎಂದು ಹೆಸರು. ಎರಡನೆಯದು ಸೋರ್ಸ್ ಕೋಡ್. ಎಂದರೆ, ಪ್ರೋಗ್ರಾಮರನು ಬರೆಯುವ, ಮನುಷ್ಯನು ಓದಿ ತಿಳಿಯಬಹುದಾದ ಮೂಲಪಾಠ. ಯಂತ್ರವು ನಡಸುವುದು ಈ ಪಾಠದಿಂದ ಪರಿವರ್ತಿತವಾದ ಸಂಖ್ಯಾರೂಪವನ್ನು ಮಾತ್ರ. ಆದುದರಿಂದ ಕಂಪನಿಯೊಂದು ಮೂಲಪಾಠವನ್ನು ತನ್ನಲ್ಲಿಯೇ ಬಚ್ಚಿಟ್ಟುಕೊಂಡು ಸಂಖ್ಯಾರೂಪವನ್ನಷ್ಟೇ ಮಾರುವುದು ಸಾಧ್ಯ. ಹಾಗೆ ಕೊಂಡವನು ಅದನ್ನು ಉಪಯೋಗಿಸಬಲ್ಲನೇ ಹೊರತು ತಿದ್ದಲಾರನು. ಮೂಲಪಾಠವನ್ನು ಎಲ್ಲರಿಗೂ ಒದಗಿಸಿ, ಅದನ್ನು ತಿದ್ದುವ ಮತ್ತು ಹಂಚುವ ಹಕ್ಕನ್ನೂ ಕೊಟ್ಟರೆ ಅದು ಮುಕ್ತ ತಂತ್ರಾಂಶವೆನಿಸುತ್ತದೆ.

ಈ ಹಕ್ಕಿಗೆ ಶಾಸ್ತ್ರೀಯ ರೂಪವನ್ನು ಕೊಟ್ಟವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸಮಾಡುತ್ತಿದ್ದ ಅವರು, ೧೯೮೩ರ ಸೆಪ್ಟೆಂಬರಿನಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. ೧೯೬೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ವ್ಯವಸ್ಥೆಯನ್ನು ಹೋಲುವ, ಆದರೆ ಯಾರ ಖಾಸಗಿ ಸ್ವತ್ತೂ ಅಲ್ಲದ ವ್ಯವಸ್ಥೆಯೊಂದನ್ನು ರಚಿಸುವುದು ಅದರ ಗುರಿ. ೧೯೮೯ರಲ್ಲಿ ಅವರು ಪ್ರಕಟಿಸಿದ ಜನರಲ್ ಪಬ್ಲಿಕ್ ಲೈಸೆನ್ಸ್ ಎಂಬ ಪರವಾನಗಿ ಬಹಳ ಜಾಣ್ಮೆಯದು. ಪ್ರೋಗ್ರಾಮನ್ನು ಯಾರು ಬೇಕಾದರೂ ಬಳಸಲಿ, ತಿದ್ದಲಿ, ಮಾರಲಿ. ಆದರೆ ತಿದ್ದಿದ್ದನ್ನು ಇತರರಿಗೆ ಹಂಚಿದಾಗ ಅದರ ಮೂಲಪಾಠವನ್ನೂ ಅದೇ ಹಕ್ಕುಗಳೊಡನೆ ಕೊಡತಕ್ಕದ್ದು ಎಂಬುದು ಅದರ ಷರತ್ತು. ಗ್ರಂಥಸ್ವಾಮ್ಯದ ಕಾನೂನನ್ನೇ ಆಧಾರವಾಗಿಟ್ಟುಕೊಂಡು, ಸ್ವಾಮ್ಯವು ಯಾರೊಬ್ಬರ ಕೈಯಲ್ಲಿಯೂ ಬಿಗಿಯಾಗದಂತೆ ಮಾಡಿದ ಉಪಾಯವಿದು. ೧೯೯೧ರ ಹೊತ್ತಿಗೆ ಗ್ನೂ ಯೋಜನೆಯಲ್ಲಿ ಅನೇಕ ಉಪಕರಣಗಳು ಸಿದ್ಧವಾಗಿದ್ದುವು. ಕರ್ನಲ್ ಮಾತ್ರ ಸಿದ್ಧವಾಗಿರಲಿಲ್ಲ.

ಆ ಕೊರತೆಯನ್ನು ತುಂಬಿದವರು ಫಿನ್ಲೆಂಡಿನ ಒಬ್ಬ ವಿದ್ಯಾರ್ಥಿ. ಲಿನಸ್ ಟೋರ್ವಾಲ್ಡ್ಸ್ ೧೯೬೯ರ ಡಿಸೆಂಬರ್ ೨೮ರಂದು ಹೆಲ್ಸಿಂಕಿಯಲ್ಲಿ, ಅಲ್ಲಿನ ಸ್ವೀಡಿಷ್ ಭಾಷೆಯ ಅಲ್ಪಸಂಖ್ಯಾತ ಸಮುದಾಯದಲ್ಲಿ ಜನಿಸಿದರು. ತಂದೆತಾಯಿಗಳಿಬ್ಬರೂ ಪತ್ರಿಕೋದ್ಯಮದವರು, ತಾಯಿಯ ತಂದೆ ಲಿಯೊ ಟಾರ್ನ್‌ಕ್ವಿಸ್ಟ್ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು. ಬಾಲಕನು ಪ್ರೋಗ್ರಾಮ್ ಬರೆಯಲು ಕಲಿತದ್ದು ಈ ಅಜ್ಜನ ಕಮೊಡೋರ್ ಯಂತ್ರದ ಮೇಲೆ. ೧೯೮೮ರಲ್ಲಿ ವಿಶ್ವವಿದ್ಯಾನಿಲಯವನ್ನು ಸೇರಿ, ಮಧ್ಯೆ ಕಡ್ಡಾಯ ಸೈನಿಕಸೇವೆಯನ್ನು ಮುಗಿಸಿ, ೧೯೯೧ರ ಜನವರಿಯಲ್ಲಿ ಇಂಟೆಲ್ ೩೮೬ ಪ್ರೊಸೆಸರಿನ ಕಂಪ್ಯೂಟರೊಂದನ್ನು ಅವರು ಕೊಂಡರು. ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರೂ ಟನೆನ್‌ಬಾಮರು ಬೋಧನೆಗಾಗಿ ರಚಿಸಿ ೧೯೮೭ರಲ್ಲಿ ಪ್ರಕಟಿಸಿದ್ದ ಮಿನಿಕ್ಸ್ ಎಂಬ ವ್ಯವಸ್ಥೆ ಅದರಲ್ಲಿ ನಡೆಯುತ್ತಿತ್ತು. ಮನೆಯಿಂದ ವಿಶ್ವವಿದ್ಯಾನಿಲಯದ ಕಂಪ್ಯೂಟರಿಗೆ ದೂರವಾಣಿಯ ಮೂಲಕ ಸಂಪರ್ಕ ಪಡೆಯಲು ಟೋರ್ವಾಲ್ಡ್ಸ್ ಒಂದು ಪ್ರೋಗ್ರಾಮನ್ನು ಬರೆದುಕೊಂಡರು. ಅಲ್ಲಿಂದ ಕಡತಗಳನ್ನು ತಂದು ಉಳಿಸಿಕೊಳ್ಳಬೇಕೆಂದಾಗ ಡಿಸ್ಕನ್ನು ನಡಸುವ ಭಾಗ ಬೇಕಾಯಿತು. ಆಮೇಲೆ ಕಡತಗಳನ್ನು ಅಣಿಯಾಗಿಡುವ ಭಾಗ. ಹೀಗೆ ಒಂದೊಂದೇ ಅಗತ್ಯವನ್ನು ಪೂರೈಸುತ್ತ ಹೋದ ಪ್ರೋಗ್ರಾಮು ಕರ್ನಲ್ಲಿನ ಆಕಾರವನ್ನು ತಾಳಿತು. ಆಗಸ್ಟ್ ೨೫ರಂದು ಅವರು ಅದನ್ನು ಹವ್ಯಾಸದ ಕೆಲಸವೆಂದು ಬಣ್ಣಿಸಿ ಮಿನಿಕ್ಸ್ ಬಳಕೆದಾರರಿಗೆ ತಿಳಿಸಿದರು. ಸೆಪ್ಟೆಂಬರಿನಲ್ಲಿ ಹೊರಬಂದ ಮೊದಲ ಪಾಠದಲ್ಲಿ ಸುಮಾರು ಹತ್ತು ಸಾವಿರ ಸಾಲುಗಳಿದ್ದುವು.

ಅವರು ಮೊದಲು ವಿಧಿಸಿದ ಪರವಾನಗಿಯಲ್ಲಿ ಪ್ರತಿಗಳಿಗೆ ಹಣ ಪಡೆಯಕೂಡದೆಂಬ ನಿಯಮವಿತ್ತು. ಫ್ಲಾಪಿ ಡಿಸ್ಕುಗಳಲ್ಲಿ ನಕಲು ಮಾಡಿ ಹಂಚುವವರು ತಗಲುವ ವೆಚ್ಚವನ್ನೂ ಪಡೆಯಲಾರದೆ ಹೋದರು. ೧೯೯೨ರ ಪ್ರಾರಂಭದಲ್ಲಿ ಟೋರ್ವಾಲ್ಡ್ಸ್ ಆ ನಿಯಮವನ್ನು ಬಿಟ್ಟು ಸ್ಟಾಲ್‌ಮನ್ನರ ಪರವಾನಗಿಯನ್ನು ಅಂಗೀಕರಿಸಿದರು. ಈ ನಿರ್ಧಾರದ ಫಲ ಬಹು ದೊಡ್ಡದು. ಇದರಿಂದ ಅಪರಿಚಿತನೊಬ್ಬನು ತನ್ನ ಶ್ರಮವನ್ನು ಲಿನಕ್ಸಿಗೆ ಧಾರೆಯೆರೆದರೆ, ನಾಳೆ ಅದನ್ನು ಯಾರೂ ಮುಚ್ಚಿಟ್ಟು ತಮ್ಮದೆಂದು ಮಾಡಿಕೊಳ್ಳಲಾರರೆಂಬ ಭರವಸೆ ದೊರಕಿತು. ಸಹಾಯಕರು ನಾನಾ ದೇಶಗಳಿಂದ ಬಂದರು. ೧೯೯೪ರ ಮಾರ್ಚ್ ೧೪ರಂದು ಪ್ರಕಟವಾದ ೧.೦ ಆವೃತ್ತಿಯಲ್ಲಿ ೧,೭೬,೨೫೦ ಸಾಲುಗಳಿದ್ದುವು. ಈಗ ಆ ಸಂಖ್ಯೆ ಮೂರು ಕೋಟಿಯನ್ನು ಮೀರಿದೆ. ಆಂಡ್ರಾಯ್ಡ್ ದೂರವಾಣಿಗಳ ಒಳಗೆ ನಡೆಯುತ್ತಿರುವುದು ಈ ಕರ್ನಲ್ಲೇ. ಜಗತ್ತಿನ ಅತಿವೇಗದ ಐನೂರು ಕಂಪ್ಯೂಟರುಗಳ ಪಟ್ಟಿಯಲ್ಲಿ ೨೦೧೭ರ ನವೆಂಬರಿನಿಂದೀಚೆಗೆ ಲಿನಕ್ಸಲ್ಲದ ಬೇರೆ ವ್ಯವಸ್ಥೆಯಿಲ್ಲ.

ಈ ಬೆಳವಣಿಗೆಯೊಡನೆ ನಿರ್ಮಾಪಕನ ದಿನಚರಿಯೇ ಬದಲಾಯಿತೆಂಬುದು ಗಮನಾರ್ಹ. ಆರಂಭದಲ್ಲಿ ಟೋರ್ವಾಲ್ಡ್ಸ್ ಬರೆಯುವವರಾಗಿದ್ದರು. ಕ್ರಮೇಣ ಅವರು ಓದುವವರಾದರು. ಹೊರಗಿನವರು ಕಳುಹಿಸುವ ತಿದ್ದುಪಡಿಗೆ ಪ್ಯಾಚ್ ಎಂದು ಹೆಸರು. ಅದನ್ನು ಓದಿ, ಅದರಿಂದ ಬೇರೆ ಯಾವ ಭಾಗ ಕೆಡುತ್ತದೆಂದು ಊಹಿಸಿ, ಒಪ್ಪುವುದೋ ಮರಳಿಸುವುದೋ ಎಂದು ತೀರ್ಮಾನಿಸುವುದೇ ಅವರ ಮುಖ್ಯ ಕಾರ್ಯವಾಯಿತು. ೧೯೯೭ರಲ್ಲಿ ಅವರು ಕ್ಯಾಲಿಫೋರ್ನಿಯದ ಟ್ರಾನ್ಸ್‌ಮೆಟಾ ಕಂಪನಿಗೆ ಉದ್ಯೋಗಕ್ಕೆ ಹೋದರು. ಲಿನಕ್ಸಿಗೇ ಪೂರ್ಣಕಾಲವನ್ನು ಕೊಡುವಂತಾದದ್ದು ೨೦೦೩ರಲ್ಲಿ. ಈ ನಡುವೆ, ೧೯೯೮ರ ಸುಮಾರಿಗೆ, ಕಳುಹಿಸಿದ ಪ್ಯಾಚುಗಳು ಅವರ ಬಳಿ ಕಳೆದುಹೋಗುತ್ತಿವೆಯೆಂಬ ಆಕ್ಷೇಪಣೆ ಎದ್ದಿತು. ಒಬ್ಬ ಮನುಷ್ಯನ ಕಣ್ಣು ಎಷ್ಟನ್ನು ಓದೀತು? ಮಿತಿಯಿದ್ದದ್ದು ಯಂತ್ರದಲ್ಲಲ್ಲ, ಮನುಷ್ಯನ ಗಮನದಲ್ಲಿ.

ಇದಕ್ಕೆ ಕಂಡುಕೊಂಡ ಪರಿಹಾರವನ್ನು ಆಡಳಿತದ ಇತಿಹಾಸವನ್ನು ಬಲ್ಲವರು ಸುಲಭವಾಗಿ ಗುರುತಿಸುವರು. ಕರ್ನಲ್ಲನ್ನು ವಿಭಾಗಗಳಾಗಿ ಪರಿಗಣಿಸಿ, ಒಂದೊಂದಕ್ಕೂ ಮೇಂಟೇನರ್ ಎಂಬ ಪಾಲಕರನ್ನು ಗೊತ್ತುಮಾಡಲಾಗಿದೆ. ಪ್ಯಾಚು ಮೊದಲು ಪಾಲಕರ ಬಳಿಗೆ, ಅಲ್ಲಿಂದ ಮೇಲಿನವರ ಬಳಿಗೆ, ಕೊನೆಗೆ ಟೋರ್ವಾಲ್ಡ್ಸ್ ಬಳಿಗೆ ಹೋಗುತ್ತದೆ. ೨೦೦೩ರಲ್ಲಿ ಎಸ್‌ಸಿಒ ಎಂಬ ಕಂಪನಿ, ತನ್ನ ಯುನಿಕ್ಸ್ ಪಾಠವು ಲಿನಕ್ಸಿನಲ್ಲಿ ಸೇರಿದೆಯೆಂದು ಆರೋಪಿಸಿ ಐಬಿಎಂ ಮೇಲೆ ಮೊಕದ್ದಮೆ ಹೂಡಿತು. ಆ ಬಳಿಕ ೨೦೦೪ರಿಂದ, ಪ್ಯಾಚನ್ನು ಬರೆದವನೂ ಅದನ್ನು ಮುಂದಕ್ಕೆ ಸಾಗಿಸಿದ ಪಾಲಕನೂ ತಮ್ಮ ಹೆಸರನ್ನು ಅದರ ಕೆಳಗೆ ನಮೂದಿಸಿ, ಇದನ್ನು ಕೊಡುವ ಹಕ್ಕು ತನಗಿದೆಯೆಂದು ದೃಢಪಡಿಸುವ ಪದ್ಧತಿ ಬಂದಿತು. ೨೦೦೫ರ ಏಪ್ರಿಲಿನಲ್ಲಿ, ಅದುವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಖಾಸಗಿ ಉಪಕರಣದ ಉಚಿತ ಸೌಲಭ್ಯ ನಿಂತುಹೋದಾಗ, ಟೋರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಗಿಟ್ ಎಂಬ ಹೊಸ ಉಪಕರಣವನ್ನು ರಚಿಸಿದರು. ಬದಲಾವಣೆಗಳ ಚರಿತ್ರೆಯನ್ನು ಇದು ಸರಪಣಿಯಂತೆ ಕಾಪಾಡುತ್ತದೆ. ಹಿಂದಿನ ಒಂದು ಕೊಂಡಿಯನ್ನು ಯಾರಾದರೂ ಗುಟ್ಟಾಗಿ ತಿದ್ದಿದರೆ ಮುಂದಿನ ಕೊಂಡಿಗಳ ಗುರುತುಗಳೆಲ್ಲ ಬೇರೆಯಾಗಿ ಕೃತ್ರಿಮವು ಬಯಲಾಗುತ್ತದೆ. ಲೇಖನದ ಆದಿಯಲ್ಲಿ ಹೇಳಿದ ದಾಖಲೆ ಇದೇ. ಗಿಟ್ಟಿನ ಪಾಲನೆಯನ್ನು ಅವರು ಅದೇ ವರ್ಷದ ಜುಲೈನಲ್ಲಿ ಜೂನಿಯೊ ಹಮಾನೊ ಅವರಿಗೆ ಒಪ್ಪಿಸಿದರು.

ಈಗ ಕರ್ನಲ್ಲಿನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಬರುತ್ತದೆ. ಮೊದಲ ಎರಡು ವಾರಗಳು ಹೊಸ ಅಂಶಗಳನ್ನು ಸೇರಿಸುವುದಕ್ಕೆ ಮೀಸಲು. ಉಳಿದ ವಾರಗಳೆಲ್ಲ ದೋಷಪರಿಹಾರಕ್ಕೆ. ಕಾಲವಿಭಾಗದ ಈ ಪ್ರಮಾಣವೇ ಈ ವೃತ್ತಿಯ ಸ್ವರೂಪವನ್ನು ಸೂಚಿಸುತ್ತದೆ. ಹೊಸ ಕರ್ನಲ್ಲಿನಿಂದ ಬಳಕೆದಾರರ ಹಳೆಯ ಪ್ರೋಗ್ರಾಮು ಕೆಡಬಾರದೆಂಬುದು ಟೋರ್ವಾಲ್ಡ್ಸ್ ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸುವ ನಿಯಮ. ಎಂದರೆ, ತನ್ನ ಕೃತಿ ಚೆಲುವಾಗಲೆಂದು ಕರ್ತೃವು ಅದನ್ನು ಮನಬಂದಂತೆ ತಿದ್ದುವ ಹಾಗಿಲ್ಲ. ಪರರ ಬಳಕೆಗೆ ಬಂದ ಗಳಿಗೆಯಿಂದ ಅವನು ಅದಕ್ಕೆ ಋಣಿ. ದುಡಿಯುವವರೆಲ್ಲ ಉಚಿತವಾಗಿ ದುಡಿಯುವರೆಂಬ ಭಾವನೆಯೂ ಸರಿಯಲ್ಲ. ಇಂಟೆಲ್, ಗೂಗಲ್, ರೆಡ್ ಹ್ಯಾಟ್ ಮೊದಲಾದ ಕಂಪನಿಗಳ ವೇತನ ಪಡೆಯುವವರಿಂದಲೇ ಇಂದು ಕರ್ನಲ್ಲಿನ ಕೆಲಸದ ಬಹುಪಾಲು ನಡೆಯುತ್ತದೆ. ಆದರೆ ಕಂಪನಿಯ ಸಂಬಳವು ಬಹುಮಟ್ಟಿಗೆ ಹೊಸದನ್ನು ಬರೆಯುವುದಕ್ಕೆ ಸಲ್ಲುತ್ತದೆ. ಇನ್ನೊಬ್ಬರು ಬರೆದುದನ್ನು ಓದಿ ಪರಿಶೀಲಿಸುವ ಶ್ರಮಕ್ಕೆ ಅಷ್ಟು ಸುಲಭವಾಗಿ ದೊರೆಯದು.

ಈ ಶ್ರಮದ ಭಾರ ಎರಡು ಸಂದರ್ಭಗಳಲ್ಲಿ ಲೋಕಕ್ಕೆ ಕಂಡಿತು. ಟೋರ್ವಾಲ್ಡ್ಸ್ ತಮಗೆ ಒಪ್ಪಿಗೆಯಾಗದ ಪ್ಯಾಚುಗಳನ್ನು ಮರಳಿಸುವಾಗ ಬಳಸುತ್ತಿದ್ದ ಒರಟು ಭಾಷೆ ಬಹುಕಾಲ ಟೀಕೆಗೆ ಗುರಿಯಾಗಿತ್ತು. ೨೦೧೮ರ ಸೆಪ್ಟೆಂಬರಿನಲ್ಲಿ ಅವರು ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿ ಕೆಲವು ವಾರ ಕೆಲಸದಿಂದ ದೂರವಿದ್ದರು. ಸಹೋದ್ಯೋಗಿ ಗ್ರೆಗ್ ಕ್ರೋಹಾರ್ಟ್‌ಮನ್ ಆವೃತ್ತಿಯನ್ನು ಪೂರೈಸಿದರು. ಸಮುದಾಯಕ್ಕೆ ಹೊಸ ನಡವಳಿಕೆಯ ಸಂಹಿತೆಯೊಂದು ಬಂದಿತು. ಅಧಿಕಾರದ ಮೂಲ ಇಲ್ಲಿ ಒಡೆತನವಲ್ಲ, ಇತರರ ವಿಶ್ವಾಸ. ಆ ವಿಶ್ವಾಸ ಮಾತಿನಿಂದಲೂ ಸವೆಯಬಲ್ಲದು.

ಎರಡನೆಯ ಸಂದರ್ಭ ಕರ್ನಲ್ಲಿನ ಹೊರಗಿನದು, ಆದರೆ ಅದೇ ಕುಟುಂಬದ್ದು. ಕಡತಗಳನ್ನು ಅಡಕಗೊಳಿಸುವ ಎಕ್ಸ್‌ಜೆಡ್ ಎಂಬ ಚಿಕ್ಕ ಉಪಕರಣ ಲಿನಕ್ಸ್ ವ್ಯವಸ್ಥೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಅದನ್ನು ಬಹುವರ್ಷ ಒಬ್ಬರೇ, ಸಂಬಳವಿಲ್ಲದೆ, ನೋಡಿಕೊಳ್ಳುತ್ತಿದ್ದರು. ತಮ್ಮ ದಣಿವನ್ನು ೨೦೨೨ರಲ್ಲಿ ಅವರು ತೋಡಿಕೊಂಡಿದ್ದರು. ಸಹಾಯಕನಾಗಿ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ನಿಷ್ಠೆಯಿಂದ ದುಡಿದಂತೆ ತೋರಿದ ಒಬ್ಬ ಅಜ್ಞಾತನು, ಅಧಿಕಾರ ಕೈಗೆ ಬಂದಮೇಲೆ, ಪರರ ಕಂಪ್ಯೂಟರುಗಳನ್ನು ಹೊಗಲು ಕಳ್ಳಬಾಗಿಲೊಂದನ್ನು ಅದರಲ್ಲಿ ಸೇರಿಸಿದನು. ದೂರದ ಕಂಪ್ಯೂಟರಿಗೆ ಪ್ರವೇಶ ಪಡೆಯುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದುದನ್ನು ಗಮನಿಸಿದ ಒಬ್ಬ ಎಂಜಿನಿಯರು ಅದರ ಕಾರಣವನ್ನು ಹುಡುಕಿದುದರಿಂದ, ೨೦೨೪ರ ಮಾರ್ಚ್ ೨೯ರಂದು ಈ ಸಂಚು ಬೆಳಕಿಗೆ ಬಂದಿತು. ಮೂಲಪಾಠ ಎಲ್ಲರಿಗೂ ತೆರೆದಿತ್ತು. ಆದರೆ ಎಲ್ಲರೂ ಓದಬಹುದು ಎಂಬುದಕ್ಕೂ ಯಾರಾದರೂ ಓದಿದ್ದಾರೆ ಎಂಬುದಕ್ಕೂ ಅಂತರ ಬಹಳ.

ಇದರಿಂದ ಹೊರಡುವ ಸಿದ್ಧಾಂತವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಮುಕ್ತ ಪರವಾನಗಿಯು ಕೃತಿಯ ಒಡೆತನದ ಪ್ರಶ್ನೆಯನ್ನು ಬಗೆಹರಿಸಿತು. ಪಾಲನೆಯ ಪ್ರಶ್ನೆಯನ್ನು ಅದು ಬಗೆಹರಿಸಲಿಲ್ಲ, ಬಗೆಹರಿಸಲಾರದು. ಪ್ರತಿಯನ್ನು ಕ್ಷಣಮಾತ್ರದಲ್ಲಿ ಕೋಟಿ ಮಾಡಬಹುದು. ಓದಿ, ತೂಗಿ, ಬೇಡವೆನ್ನಬಲ್ಲ ಪಾಲಕನೊಬ್ಬನನ್ನು ಸಿದ್ಧಪಡಿಸಲು ವರ್ಷಗಳು ಬೇಕು. ನಮ್ಮ ಕಾಲೇಜುಗಳಲ್ಲಿ ಈ ವಿದ್ಯೆಯನ್ನು ಕಲಿಸುವಾಗ ಹೊಸ ಪ್ರೋಗ್ರಾಮು ಬರೆಯುವುದಕ್ಕೆ ಕೊಡುವ ಅಂಕಗಳಲ್ಲಿ ಒಂದು ಪಾಲನ್ನಾದರೂ ಇನ್ನೊಬ್ಬರ ಪ್ರೋಗ್ರಾಮನ್ನು ಓದಿ ತಿದ್ದುವುದಕ್ಕೆ ಮೀಸಲಿಡುವುದು ಉಚಿತ. ಇತಿಹಾಸದ ವಿದ್ಯಾರ್ಥಿಗಳಾದರೋ, ಕಟ್ಟಿದವರ ಜೊತೆಗೆ ಕಾಯ್ದವರ ಹೆಸರನ್ನೂ ಉಳಿಸಿಕೊಂಡಿರುವ ಈ ಅಪೂರ್ವ ಆಕರವನ್ನು ಅಭ್ಯಾಸಮಾಡಲು ಈಗಲೇ ತೊಡಗಬಹುದು.