ಉಪ್ಪಿಟ್ಟವರು ಯಾರು?

‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬುದು ನಮ್ಮ ಹಿರಿಯರ ನುಡಿ. ಸಂಸಾರದಲ್ಲಿ ಇದು ಸದ್ಗುಣವೇ ಸರಿ. ಆದರೆ ಉಪ್ಪುಂಡದ್ದು ದೇಶವನ್ನಾಳುವ ಪಕ್ಷವಾಗಿ, ಉಪ್ಪಿಟ್ಟವನು ಪರದೇಶದವನಾಗಿದ್ದರೆ ಆ ಕೃತಜ್ಞತೆಯ ಬೆಲೆಯನ್ನು ತೆರಬೇಕಾದವರು ಯಾರು? ಪ್ರಜೆಗಳಾದ ನಾವೇ ಅಲ್ಲವೆ?

ಈ ಅಪಾಯವನ್ನು ಮನಗಂಡೇ 1976ರಲ್ಲಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ, ನಮ್ಮ ಸಂಸತ್ತು ವಿದೇಶೀ ವಂತಿಗೆ ನಿಯಂತ್ರಣ ಕಾಯಿದೆಯನ್ನು ರಚಿಸಿತು. ಚುನಾವಣೆಯ ಅಭ್ಯರ್ಥಿಗಳು, ಶಾಸಕರು, ರಾಜಕೀಯ ಪಕ್ಷಗಳು ಯಾರೂ ವಿದೇಶೀ ಮೂಲದಿಂದ ಹಣ ಸ್ವೀಕರಿಸಕೂಡದೆಂಬುದು ಅದರ ಕಟ್ಟಳೆ. 2010ರ ಹೊಸ ಕಾಯಿದೆಯೂ ಇದನ್ನೇ ಎತ್ತಿಹಿಡಿಯಿತು. ಮಾತು ಸ್ಪಷ್ಟವಾಗಿಯೇ ಇದೆ. ತೊಡಕಿರುವುದು ‘ವಿದೇಶೀ ಮೂಲ’ವೆಂದರೆ ಯಾವುದು ಎಂಬಲ್ಲಿ.

ಹೊರನಾಡಿನ ಸರಕಾರವೊಂದು ಹಣ ಕಳುಹಿಸಿದರೆ ಸಂಶಯಕ್ಕೆ ಎಡೆಯಿಲ್ಲ. ಆದರೆ ಭಾರತದಲ್ಲಿಯೇ ನೋಂದಣಿಯಾಗಿ, ಇಲ್ಲಿಯೇ ತೆರಿಗೆ ಕಟ್ಟುವ ಕಂಪನಿಯ ಷೇರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲಂಡನ್ನಿನ ಕಂಪನಿಯ ಕೈಯಲ್ಲಿದ್ದರೆ? ಆ ಲಂಡನ್ ಕಂಪನಿಯ ಒಡೆಯನು ಮತ್ತೆ ಭಾರತೀಯನೇ ಆಗಿದ್ದರೆ? ಇಂಥ ಜಟಿಲ ಪ್ರಶ್ನೆಯೇ ದೆಹಲಿಯ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಬ್ರಿಟನ್ನಿನಲ್ಲಿ ನೋಂದಣಿಯಾದ ವೇದಾಂತ ಸಂಸ್ಥೆಯ ಅಧೀನದಲ್ಲಿದ್ದ ಸ್ಟರ್ಲೈಟ್, ಸೇಸಾ ಗೋವಾ ಕಂಪನಿಗಳು ಕಾಂಗ್ರೆಸ್ಸಿಗೂ ಭಾರತೀಯ ಜನತಾ ಪಕ್ಷಕ್ಕೂ ದೇಣಿಗೆ ನೀಡಿದ್ದವು. ಒಡೆಯನು ಭಾರತೀಯನೆಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಎರಡೂ ಪಕ್ಷಗಳು ಮೇಲ್ನೋಟಕ್ಕೆ ಕಾಯಿದೆಯನ್ನು ಉಲ್ಲಂಘಿಸಿವೆಯೆಂದು 2014ರ ಮಾರ್ಚ್ 28ರಂದು ತೀರ್ಪು ನೀಡಿ, ಆರು ತಿಂಗಳೊಳಗೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸರಕಾರಕ್ಕೂ ಚುನಾವಣಾ ಆಯೋಗಕ್ಕೂ ಆದೇಶಿಸಿತು.

ಮುಂದೆ ನಡೆದುದು ಸ್ವಾರಸ್ಯಕರ. ಪಕ್ಷಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವು. ಅಷ್ಟರಲ್ಲಿ 2016ರ ಹಣಕಾಸು ಕಾಯಿದೆಯ ಮೂಲಕ ‘ವಿದೇಶೀ ಮೂಲ’ದ ಅರ್ಥವೇ ಬದಲಾಯಿತು. ಆಯಾ ಉದ್ಯಮದಲ್ಲಿ ವಿದೇಶೀ ಬಂಡವಾಳಕ್ಕೆ ಗೊತ್ತುಪಡಿಸಿದ ಮಿತಿಯೊಳಗೆ ಷೇರುಗಳಿದ್ದರೆ ಆ ಕಂಪನಿ ಇನ್ನು ವಿದೇಶೀಯವಲ್ಲ! ಅನೇಕ ಉದ್ಯಮಗಳಲ್ಲಿ ಆ ಮಿತಿ ನೂರಕ್ಕೆ ನೂರು. ಈ ಬದಲಾವಣೆ 2010ರ ಸೆಪ್ಟೆಂಬರಿನಿಂದಲೇ ಜಾರಿಗೆ ಬಂದಂತೆ ಭಾವಿಸಲಾಯಿತು. ಅದಕ್ಕೂ ಹಿಂದಿನ ದೇಣಿಗೆಗಳು ಹಳೆಯ ಕಾಯಿದೆಗೆ ಒಳಪಟ್ಟಿದ್ದುದರಿಂದ, 2018ರಲ್ಲಿ ಆ ದಿನಾಂಕವನ್ನು 1976ರ ಆಗಸ್ಟ್ 5ಕ್ಕೆ ಹಿಂದೂಡಲಾಯಿತು. ಲೋಕಸಭೆ ಇದನ್ನು ಚರ್ಚೆಯಿಲ್ಲದೆಯೇ ಅಂಗೀಕರಿಸಿತು.

ಇಲ್ಲಿ ಬಂಡವಾಳ ಹೂಡಿ ಜನರಿಗೆ ಕೆಲಸ ಕೊಟ್ಟ ಕಂಪನಿಯನ್ನು ಪರಕೀಯವೆನ್ನುವುದು ಸರಿಯೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಅದಕ್ಕೆ ಉತ್ತರವಿರುವುದು ಮುಂದಿನ ದಿನಗಳಿಗೆ ನಿಯಮ ಮಾಡುವುದರಲ್ಲಿ. ಕಳೆದ 42 ವರ್ಷಗಳ ಲೆಕ್ಕವನ್ನು ಅಳಿಸುವುದರಲ್ಲಲ್ಲ. ಆಟಗಾರರೇ ಆಟ ಮುಗಿದ ಮೇಲೆ ನಿಯಮ ಬರೆದರೆ ತೀರ್ಪುಗಾರನಿಗೆ ಕೆಲಸವೇನು?

ಇದರ ಮೇಲೊಂದು ಮುಸುಕನ್ನೆಳೆದುದು ಚುನಾವಣಾ ಬಾಂಡು. 2018ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಕೊಟ್ಟವರ ಹೆಸರು ಮತದಾರನಿಗೆ ತಿಳಿಯುವಂತಿರಲಿಲ್ಲ. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಅದು ಸಂವಿಧಾನಬಾಹಿರವೆಂದು ಏಕಮತದಿಂದ ಸಾರಿತು, ಪಟ್ಟಿ ಬಹಿರಂಗವಾಯಿತು. ಮುಸುಕೇನೋ ಸರಿಯಿತು, ಆದರೆ ‘ವಿದೇಶೀ ಮೂಲ’ದ ಸಡಿಲಾದ ಅರ್ಥವನ್ನು ಆ ತೀರ್ಪು ಮುಟ್ಟಲಿಲ್ಲ.

ಮನೆಗೆ ಬರುವ ಹಾಲಿನಲ್ಲಿ ನೀರು ಬೆರೆತಿದೆಯೆ ಎಂದು ನಮ್ಮ ಗೃಹಿಣಿಯರು ದಿನವೂ ಪರೀಕ್ಷಿಸುತ್ತಾರೆ. ಮತ ಕೇಳಲು ಬಾಗಿಲಿಗೆ ಬಂದವರನ್ನೂ ‘ಸ್ವಾಮೀ, ನೀವುಂಡ ಉಪ್ಪು ಯಾರದು?’ ಎಂದು ಕೇಳುವ ಎಚ್ಚರ ನಮಗೆ ಬರಬೇಕಾಗಿದೆ.