ಬ್ರಿಟನ್ನಿನ ವಲಸೆ ಮೇಲ್ಮನವಿಗಳಲ್ಲಿ ವ್ಯಾಜ್ಯದ ಖರ್ಚು

ವಲಸೆ ಮೇಲ್ಮನವಿಯಲ್ಲಿ ವ್ಯಾಜ್ಯದ ಖರ್ಚಿನ ಆದೇಶವೆಂದರೆ, ವೀಸಾ ಅಥವಾ ವಾಸ್ತವ್ಯದ ಅನುಮತಿಯ ನಿರಾಕರಣೆಯನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಒಂದು ಪಕ್ಷದ ವೆಚ್ಚವನ್ನು ಇನ್ನೊಂದು ಪಕ್ಷವು ಭರಿಸಬೇಕೆಂದು ನ್ಯಾಯಮಂಡಳಿ ನೀಡುವ ಆದೇಶ. ಬ್ರಿಟನ್ನಿನಲ್ಲಿ ಮೇಲ್ಮನವಿಯನ್ನು ಗೆದ್ದವರಿಗೂ ವಕೀಲರ ಶುಲ್ಕವು ಸಾಮಾನ್ಯವಾಗಿ ಮರಳಿ ದೊರೆಯುವುದಿಲ್ಲ. ಅಲ್ಲಿ ನೆಲೆಸಿರುವ ಪತಿ ಅಥವಾ ಪತ್ನಿಯನ್ನು ಸೇರಲು ಮಂಗಳೂರಿನಿಂದ ಅರ್ಜಿ ಸಲ್ಲಿಸುವವರಿಗೂ ಇದೇ ನಿಯಮ ಅನ್ವಯಿಸುತ್ತದೆ.

ಭಾರತದ ಪದ್ಧತಿಯೊಡನೆ ಹೋಲಿಕೆ

ಮಂಗಳೂರಿನ ಸಿವಿಲ್ ನ್ಯಾಯಾಲಯಗಳು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೆಯ ಕಲಮನ್ನು ಅನುಸರಿಸುತ್ತವೆ. ಖರ್ಚು ಕೊಡಿಸುವುದು ನ್ಯಾಯಾಲಯದ ವಿವೇಚನೆಗೆ ಸೇರಿದೆ. ಆದರೆ ಗೆದ್ದವರಿಗೆ ಖರ್ಚನ್ನು ನಿರಾಕರಿಸಿದಲ್ಲಿ ನ್ಯಾಯಾಲಯವು ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಬ್ರಿಟನ್ನಿನ ವಲಸೆ ಮೇಲ್ಮನವಿಯಲ್ಲಿ ಖರ್ಚು ಕೊಡಿಸುವುದೇ ಅಪವಾದ; ಕೊಡಿಸಬೇಕಾದರೆ ಕಾರಣ ಬೇಕು.

ಕಾನೂನಿನ ಆಧಾರ

2007ರ ನ್ಯಾಯಮಂಡಳಿಗಳ ಅಧಿನಿಯಮದ 29ನೆಯ ಕಲಮು ಈ ಅಧಿಕಾರದ ಮೂಲ. ಪ್ರಥಮ ಹಂತದ ನ್ಯಾಯಮಂಡಳಿಯ ವಲಸೆ ಮತ್ತು ಆಶ್ರಯ ವಿಭಾಗಕ್ಕೆ 2014ರ ಅಕ್ಟೋಬರ್ 20ರಂದು ಜಾರಿಗೆ ಬಂದ ಕಾರ್ಯವಿಧಾನ ನಿಯಮಗಳಲ್ಲಿನ 9ನೆಯ ನಿಯಮವು ಮೂರು ಸಂದರ್ಭಗಳನ್ನು ಹೇಳುತ್ತದೆ:

1. ಮೇಲ್ಮನವಿ ಅಂಗೀಕೃತವಾದಾಗ, ಮೇಲ್ಮನವಿದಾರರು ತೆತ್ತ ನ್ಯಾಯಮಂಡಳಿಯ ಶುಲ್ಕವನ್ನು ಮೀರದ ಮೊತ್ತ.
2. ವಕೀಲರ ಅನುಚಿತ, ಅಸಮಂಜಸ ಅಥವಾ ನಿರ್ಲಕ್ಷ್ಯದ ನಡತೆಯಿಂದ ವ್ಯರ್ಥವಾದ ಖರ್ಚು.
3. ಪ್ರಕರಣವನ್ನು ಹೂಡುವುದರಲ್ಲಿ, ಎದುರಿಸುವುದರಲ್ಲಿ ಅಥವಾ ನಡೆಸುವುದರಲ್ಲಿ ಪಕ್ಷಕಾರರು ಅಸಮಂಜಸವಾಗಿ ವರ್ತಿಸಿದುದರಿಂದ ಆದ ಖರ್ಚು.

ಶುಲ್ಕದ ಮರುಪಾವತಿ

2011ರ ಶುಲ್ಕ ಆದೇಶವು ಕಡತದ ಆಧಾರದ ತೀರ್ಮಾನಕ್ಕೆ 80 ಪೌಂಡ್, ಮೌಖಿಕ ವಿಚಾರಣೆಗೆ 140 ಪೌಂಡ್ ನಿಗದಿಪಡಿಸಿತು. 2016ರ ಅಕ್ಟೋಬರ್‌ನಲ್ಲಿ ಇವನ್ನು ಕ್ರಮವಾಗಿ 490 ಮತ್ತು 800 ಪೌಂಡ್‌ಗೆ ಏರಿಸಿದ ಸರ್ಕಾರ, ಮರುತಿಂಗಳೇ ಏರಿಕೆಯನ್ನು ಹಿಂತೆಗೆದುಕೊಂಡಿತು. ಗೆದ್ದರೂ ಈ ಶುಲ್ಕದ ಮರುಪಾವತಿ ಖಚಿತವಲ್ಲ. ಉದಾಹರಣೆಗೆ, ಸಂಗಾತಿಯ ಆದಾಯದ ದಾಖಲೆಯನ್ನು ಮೂಲ ಅರ್ಜಿಯೊಡನೆ ಸಲ್ಲಿಸದೆ ವಿಚಾರಣೆಯ ವೇಳೆ ಮೊದಲ ಬಾರಿಗೆ ಹಾಜರುಪಡಿಸಿದರೆ, ನಿರಾಕರಣೆಗೆ ಅಧಿಕಾರಿಯೇ ಹೊಣೆಯೆನ್ನಲಾಗದು. ಆಗ ಶುಲ್ಕವನ್ನು ಕೊಡಿಸದಿರಬಹುದು.

ಅಸಮಂಜಸ ನಡತೆ

2015ರ ಕ್ಯಾನ್ಸಿನೊ ಪ್ರಕರಣದ ತೀರ್ಪು ಈ ಅಧಿಕಾರವನ್ನು ಮಿತವಾಗಿ ಬಳಸಬೇಕೆಂದು ಸ್ಪಷ್ಟಪಡಿಸಿತು. ಸೋತ ಮಾತ್ರಕ್ಕೆ ನಡತೆ ಅಸಮಂಜಸವಾಗುವುದಿಲ್ಲ. ಆ ನಡತೆಗೆ ಯುಕ್ತವಾದ ವಿವರಣೆ ಇದೆಯೇ ಎಂಬುದು ಮುಖ್ಯ ಪ್ರಶ್ನೆ. ಈ ನಿಯಮಕ್ಕೆ ಗೃಹ ಇಲಾಖೆಯೂ ಒಳಪಡುತ್ತದೆ. ವಕೀಲರಿಲ್ಲದೆ ವಾದಿಸುವವರನ್ನು ವೃತ್ತಿನಿರತ ವಕೀಲರ ಮಾನದಂಡದಿಂದ ಅಳೆಯುವಂತಿಲ್ಲ.

ಅರ್ಜಿಯ ಕ್ರಮ

ಖರ್ಚು ಕೋರುವವರು ಅದರ ಪಟ್ಟಿಯೊಡನೆ ಲಿಖಿತ ಅರ್ಜಿಯನ್ನು ನ್ಯಾಯಮಂಡಳಿಗೂ ಖರ್ಚು ತೆರಬೇಕಾದವರಿಗೂ ಕಳುಹಿಸಬೇಕು. ಅಂತಿಮ ತೀರ್ಮಾನವನ್ನು ಕಳುಹಿಸಿದ ದಿನದಿಂದ 28 ದಿನಗಳ ಅವಧಿಯಿದೆ. ನ್ಯಾಯಮಂಡಳಿ ಸ್ವಪ್ರೇರಣೆಯಿಂದಲೂ ಆದೇಶಿಸಬಹುದು. ಹಣ ತೆರಬೇಕಾದವರಿಗೆ ಹೇಳಿಕೆ ಸಲ್ಲಿಸುವ ಅವಕಾಶ ನೀಡದೆ ಆದೇಶಿಸುವಂತಿಲ್ಲ. ಅವರು ಸಾಮಾನ್ಯ ವ್ಯಕ್ತಿಯಾಗಿದ್ದರೆ ಆರ್ಥಿಕ ಸ್ಥಿತಿಯನ್ನೂ ಪರಿಗಣಿಸಬೇಕು.

ವಿದ್ಯಾರ್ಥಿ ವೀಸಾ

ವಿದ್ಯಾರ್ಥಿ ವೀಸಾ ನಿರಾಕರಣೆಗೆ ಸಾಮಾನ್ಯವಾಗಿ ಮೇಲ್ಮನವಿಯ ಹಕ್ಕಿಲ್ಲ. ಇಲಾಖೆಯೊಳಗಿನ ಆಡಳಿತಾತ್ಮಕ ಮರುಪರಿಶೀಲನೆಯನ್ನು ಮಾತ್ರ ಕೋರಬಹುದು. ಅದೂ ವಿಫಲವಾದರೆ ಮೇಲಿನ ನ್ಯಾಯಮಂಡಳಿಯಲ್ಲಿ ನ್ಯಾಯಿಕ ಪರಾಮರ್ಶೆ ಕೋರುವ ದಾರಿಯಿದೆ. ಅಲ್ಲಿ ಸೋತವರು ಗೆದ್ದವರ ಖರ್ಚು ತೆರುವುದು ಸಾಮಾನ್ಯ ನಿಯಮ. ಆದ್ದರಿಂದ ಅಲ್ಲಿ ಗೆದ್ದ ವಿದ್ಯಾರ್ಥಿಗೆ ವಕೀಲರ ಶುಲ್ಕದ ಬಹುಭಾಗ ಮರಳಬಹುದು. ಸೋತರೆ ತನ್ನ ವಕೀಲರ ಶುಲ್ಕದ ಜೊತೆಗೆ ಗೃಹ ಇಲಾಖೆಯ ಖರ್ಚನ್ನೂ ಭರಿಸಬೇಕಾಗಬಹುದು.