ತೊಂಡೇಬಾವಿಯ ನೆತ್ತಿಯ ಮೇಲೊಂದು ಕಪ್ಪುಕುಳಿ

ಯುಗಾದಿಯ ಆಸುಪಾಸಿನಲ್ಲಿ, ನಡುರಾತ್ರಿ ಹೊತ್ತಿಗೆ, ಗೌರಿಬಿದನೂರು ಬಳಿಯ ತೊಂಡೇಬಾವಿಯ ಆಕಾಶದಲ್ಲಿ ನೆತ್ತಿಯಿಂದ ಒಂದೆರಡು ಡಿಗ್ರಿ ದೂರಕ್ಕೆ ಎಂ87 ಎಂಬ ಗ್ಯಾಲಕ್ಸಿ ಬಂದಿರುತ್ತದೆ. ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರ, ಬರಿಗಣ್ಣಿಗೆ ಕಾಣದು. 2019ರ ಏಪ್ರಿಲ್ 10ರಂದು ಬಿಡುಗಡೆಯಾದ, ಜಗತ್ತು ಮೊದಲ ಬಾರಿಗೆ ಕಂಡ ಕಪ್ಪುಕುಳಿಯ ಚಿತ್ರ ಇದರ ನಡುಭಾಗದ್ದು.

ಆ ಚಿತ್ರ ನೋಡಿದವರು ಕೇಳುವ ಮೊದಲ ಪ್ರಶ್ನೆ: ಅದು ತನ್ನ ಗ್ಯಾಲಕ್ಸಿಯನ್ನೇ ನುಂಗಿಬಿಡುವುದಿಲ್ಲವೇ?

ಇಲ್ಲ. ಗುರುತ್ವಕ್ಕೆ ಲೆಕ್ಕ ಎರಡೇ: ಎಷ್ಟು ದ್ರವ್ಯರಾಶಿ, ಎಷ್ಟು ದೂರ. ನಮ್ಮ ಸೂರ್ಯನನ್ನು ಮೂರು ಕಿ.ಮೀ. ತ್ರಿಜ್ಯಕ್ಕೆ ಹಿಂಡಿದರೆ ಅದು ಕಪ್ಪುಕುಳಿಯಾಗುತ್ತದೆ. ಆಗಲೂ ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತಿರುತ್ತದೆ; ಕತ್ತಲು, ಚಳಿ ಕವಿಯುತ್ತದೆ, ಒಳಕ್ಕೆಳೆಯುವುದಿಲ್ಲ. ನಮ್ಮ ಆಕಾಶಗಂಗೆಯ ನಡುವಿನ ಕಪ್ಪುಕುಳಿಯ ತೂಕ ಸುಮಾರು 43 ಲಕ್ಷ ಸೂರ್ಯರಷ್ಟು. ಕೇಳಲು ದೊಡ್ಡದು. ಆದರೆ ಸೂರ್ಯನ ಕಕ್ಷೆಯ ಒಳಗಿರುವ ಒಟ್ಟು ದ್ರವ್ಯ ಸುಮಾರು 10,000 ಕೋಟಿ ಸೂರ್ಯರಷ್ಟು. ಅದರಲ್ಲಿ ಕಪ್ಪುಕುಳಿಯದು ಇಪ್ಪತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. ನಮ್ಮನ್ನು ಹಿಡಿದಿಟ್ಟಿರುವುದು ನಕ್ಷತ್ರ, ಅನಿಲ ಮತ್ತು ಕಣ್ಣಿಗೆ ಬೀಳದ ದ್ರವ್ಯ.

ಎಂ87ರದು ನಿಜಕ್ಕೂ ದೈತ್ಯ: 650 ಕೋಟಿ ಸೂರ್ಯರ ತೂಕ, ಸುಮಾರು 3,800 ಕೋಟಿ ಕಿ.ಮೀ. ಅಗಲ. ಆದರೂ ಅದರ ಗ್ಯಾಲಕ್ಸಿಯನ್ನು ತೊಂಡೇಬಾವಿಯಿಂದ ಬೆಂಗಳೂರಿನವರೆಗೆ ಹರಡಿದರೆ ಕಪ್ಪುಕುಳಿಗೆ ಸಿಗುವ ಜಾಗ ಒಂದು ರಾಗಿ ಕಾಳಿನಷ್ಟು. ಇನ್ನೊಂದು ವಿಚಿತ್ರ ಇದೆ. ಕಪ್ಪುಕುಳಿಯ ತೂಕ ಎರಡು ಪಟ್ಟಾದರೆ ತ್ರಿಜ್ಯವೂ ಎರಡು ಪಟ್ಟಾಗುತ್ತದೆ, ಗಾತ್ರ ಎಂಟು ಪಟ್ಟು. ಹಾಗಾಗಿ ದೊಡ್ಡದಾದಷ್ಟೂ ಸರಾಸರಿ ಸಾಂದ್ರತೆ ಇಳಿಯುತ್ತದೆ. ಎಂ87ರ ಕಪ್ಪುಕುಳಿಯದು ನಾವು ಉಸಿರಾಡುವ ಗಾಳಿಗಿಂತ ಕಡಿಮೆ! ಇದು ಬರೀ ಸರಾಸರಿ. ಒಳಗೆ ದ್ರವ್ಯ ಸಮನಾಗಿ ಹರಡಿದೆ ಎಂದಲ್ಲ.

ಹಾಗಾದರೆ ಈ ಕಾಳು ಏನೂ ಮಾಡದೇ? ಮಾಡುತ್ತದೆ, ಅದೂ ಎಷ್ಟೋ ದೂರದವರೆಗೆ. ಸುತ್ತಿ ಬೀಳುವ ಅನಿಲ ಕಾದು, ಅದರಲ್ಲಿ ಒಂದಿಷ್ಟನ್ನು ಕಾಂತಕ್ಷೇತ್ರಗಳು ಚಿಲುಮೆಯಾಗಿ ಹೊರಗೆಸೆಯುತ್ತವೆ. ಎಂ87ರ ಈ ಚಿಲುಮೆಯನ್ನು ಹೀಬರ್ ಕರ್ಟಿಸ್ 1918ರಲ್ಲೇ ಗುರುತಿಸಿದ್ದರು. ಅದರಲ್ಲಿನ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತ ರೇಡಿಯೊ ಅಲೆ ಹೊಮ್ಮಿಸುತ್ತವೆ. ವಯಸ್ಸಾದಂತೆ ಅವುಗಳ ಶಕ್ತಿ ಕುಗ್ಗಿ, ಕೊನೆಗೆ ಉದ್ದ ಅಲೆಗಳಲ್ಲಿ ಮಾತ್ರ ಕಾಣುತ್ತವೆ.

ಉದ್ದ ಅಲೆ ಹಿಡಿಯುವ ಕೆಲಸ ನಮ್ಮ ಗೌರಿಬಿದನೂರಿನಲ್ಲೇ ನಡೆದಿದೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಅಲ್ಲಿ ಕಟ್ಟಿದ ರೇಡಿಯೊ ದೂರದರ್ಶಕದಲ್ಲಿ ತಟ್ಟೆ ಇಲ್ಲ, ತಿರುಗುವ ಭಾಗವೂ ಇಲ್ಲ. ಪೂರ್ವ-ಪಶ್ಚಿಮವಾಗಿ ಸುಮಾರು 1.4 ಕಿ.ಮೀ., ದಕ್ಷಿಣಕ್ಕೆ 450 ಮೀಟರ್, ಇಂಗ್ಲಿಷಿನ ಟಿ ಅಕ್ಷರದಂತೆ 1000 ತಂತಿ ಆಂಟೆನಾಗಳ ಸಾಲು. ಹಿಡಿಯುತ್ತಿದ್ದುದು 34.5 ಮೆಗಾಹರ್ಟ್ಸ್, ಅಂದರೆ 8.7 ಮೀಟರ್ ಉದ್ದದ ಅಲೆ. ಒಂದೊಂದು ಆಂಟೆನಾದ ಸಂಕೇತವನ್ನು ತುಸು ಹಿಂದುಮುಂದು ಮಾಡಿ ಕೂಡಿಸಿದರೆ ದೂರದರ್ಶಕ ಉತ್ತರಕ್ಕೋ ದಕ್ಷಿಣಕ್ಕೋ 'ನೋಡುತ್ತದೆ'. ಉಳಿದ ಆಕಾಶವನ್ನು ಭೂಮಿಯ ತಿರುಗಾಟವೇ ತಂದೊಪ್ಪಿಸುತ್ತದೆ. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಇದರಿಂದ ರಚಿಸಿದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು.

ಆ ದೂರದರ್ಶಕ ಬಿಡಿಸಿ ನೋಡಬಲ್ಲ ಅತಿ ಚಿಕ್ಕ ಅಗಲ ಹುಣ್ಣಿಮೆ ಚಂದ್ರನ ಅಗಲಕ್ಕೆ ಹತ್ತಿರ; ಅದಕ್ಕೆ ಎಂ87 ಒಂದು ಪ್ರಖರ ಚುಕ್ಕೆ ಅಷ್ಟೇ. ಇನ್ನೂ ಸೂಕ್ಷ್ಮವಾದ ರೇಡಿಯೊ ದೂರದರ್ಶಕಗಳು ಉದ್ದ ಅಲೆಗಳಲ್ಲಿ ಅದರ ರೇಡಿಯೊ ಹೊಳಪಿನ ಹರಹನ್ನು ಅಳೆದಿವೆ: ಸುಮಾರು 2.6 ಲಕ್ಷ ಜ್ಯೋತಿರ್ವರ್ಷ. ಗ್ಯಾಲಕ್ಸಿಗೆ ಗೋಡೆಯಿಲ್ಲ, ಅಂಚು ಮಸುಕಾಗುತ್ತ ಹೋಗುತ್ತದೆ. ಆದ್ದರಿಂದ ಪುಸ್ತಕದಿಂದ ಪುಸ್ತಕಕ್ಕೆ ಅಗಲದ ಅಂಕಿ ಬೇರೆಯಾದರೆ, ಯಾವ ಅಲೆಯಲ್ಲಿ ಅಳೆದದ್ದು ಎಂಬುದನ್ನು ಮೊದಲು ನೋಡಬೇಕು.

ಎಂ87 ಅನ್ನು ನೀವೇ ನೋಡಬೇಕೆನಿಸಿದರೆ, ಅದು ಮೇ ಮಧ್ಯದಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ ನೆತ್ತಿಗೆ ಬರುತ್ತದೆ. ಉತ್ತರೆ ನಕ್ಷತ್ರದ ಪೂರ್ವಕ್ಕೆ, ಕನ್ಯಾ ರಾಶಿಯ ಗಡಿಯಲ್ಲಿ ಹುಡುಕಿ. ಬೆಳಕಿನ ಕಾಟವಿಲ್ಲದ ಕಡೆ ನಾಲ್ಕು ಇಂಚಿನ ದೂರದರ್ಶಕ ಇದ್ದರೆ ದುಂಡನೆಯ ಮಸುಕು ಕಲೆಯಾಗಿ ಸಿಗುತ್ತದೆ.